ಬಣ್ಣದ ಕೆಳಗಿನ ಮರ



ಬೇಸಿಗೆ ರಜೆಯಲ್ಲಿ ಕುಂದಾಪುರ, ಬೈಂದೂರು ಅಥವಾ ಬ್ರಹ್ಮಾವರದ ಕಡೆಯ ಅಜ್ಜಿಮನೆಗೆ ಹೋದಾಗ ಚಾವಡಿಯ ಕಂಬವನ್ನು ಹತ್ತಿರದಿಂದ ನೋಡಿದ್ದೀರಾ? ಬಣ್ಣ ಚಕ್ಕೆ ಎದ್ದಲ್ಲಿ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಂದು, ಎಲ್ಲಕ್ಕೂ ಅಡಿಯಲ್ಲಿ ಬರಿಯ ಮರ ಕಾಣಬಹುದು. ಅದು ಆ ಮನೆಯ ಚರಿತ್ರೆ. ಕೊನೆಯ ಪುಟ ಮೇಲೆ, ಮೊದಲ ಪುಟ ಕೆಳಗೆ.

ಈ ಮನೆಗಳನ್ನು ಕಟ್ಟಿದವರು ಹಲಸು, ಹೆಬ್ಬಲಸು, ಭೋಗಿ ಮುಂತಾದ ನಾಡಮರಗಳನ್ನು ಬಳಸಿದರು. ಹಲಸಿನ ತಿರುಳು ಕಡಿದಾಗ ಹಳದಿ. ಗಾಳಿ, ಬೆಳಕು ತಾಗಿ ವರ್ಷ ಕಳೆದಂತೆ ಕೆಂಗಂದು. ಡಬ್ಬಿಯ ಬಣ್ಣ ಬಂದದ್ದು ಆಮೇಲೆ. ಹೌರಾದಲ್ಲಿ 1902ರಲ್ಲಿ ಶಾಲಿಮಾರ್ ಪೇಂಟ್ಸ್, ಮುಂಬಯಿಯಲ್ಲಿ 1942ರಲ್ಲಿ ಏಷ್ಯನ್ ಪೇಂಟ್ಸ್ ಆರಂಭವಾದವು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ, ಬಣ್ಣ ಮರವನ್ನು ಕಾಯುತ್ತದೆ ಎಂದು ಜನ ನಂಬಿದ್ದು ಸಹಜವೇ.

ಈಗ ಅನೇಕರಿಗೆ ಆ ಬಣ್ಣ ತೆಗೆದು ಮರವನ್ನು ಮತ್ತೆ ಕಾಣುವ ಆಸೆ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆ ಹೋಗಿದ್ದ ಮನೆಯೊಂದರಲ್ಲಿ ಕಾಸ್ಟಿಕ್ ಸೋಡಾ ಬಳಿದು ಕಂಬದ ಬಣ್ಣ ತೆಗೆದಿದ್ದರು. ಕೆತ್ತನೆಯ ಅಂಚು ಸವೆದು, ನಾರು ಎದ್ದು, ಮರ ಕಪ್ಪಾಗಿತ್ತು. "ಬಣ್ಣ ಹೋಯ್ತ್ ಮಾರಾಯ್ರೆ, ಮರದ ಚಂದವೂ ಹೋಯ್ತ್" ಎಂದರು ಮನೆಯ ಹಿರಿಯರು.

ಇದಕ್ಕೆ ಕಾರಣ ನಿಮ್ಮ ರಸಾಯನಶಾಸ್ತ್ರದ ಪಾಠದಲ್ಲೇ ಇದೆ. ಹಳೆಯ ಬಣ್ಣದಲ್ಲಿರುವುದು ಅಗಸೆಎಣ್ಣೆಯಂಥ ಎಣ್ಣೆ. ಕ್ಷಾರ ತಾಗಿದರೆ ಅದು ಸಾಬೂನಾಗಿ ಕರಗುತ್ತದೆ. ಆದರೆ ಕ್ಷಾರ ಅಲ್ಲಿಗೇ ನಿಲ್ಲುವುದಿಲ್ಲ. ಮರದೊಳಗಿನ ಟ್ಯಾನಿನ್‌ನೊಡನೆ ಸೇರಿ ಅದನ್ನು ಕಪ್ಪಾಗಿಸುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಮನೆಗಳ ಒಳಭಾಗಕ್ಕೆ ಬಿಳಿಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ 1921ರಲ್ಲೇ ಆಯಿತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಒದ್ದೆ ಮಾಡಿ ನಿಧಾನವಾಗಿ ಹೆರೆಯಬೇಕು, ಮಕ್ಕಳನ್ನು ದೂರವಿಡಬೇಕು, ಚಕ್ಕೆಗಳನ್ನು ತೋಟಕ್ಕೆ ಎಸೆಯಬಾರದು.

ಹೆರೆದ ಮೇಲೆ ಏನು? ಅರಗಿನ ಪಾಲಿಶ್ ಹೊಳೆಯುತ್ತದೆ. ಆದರೆ ಮಳೆಗಾಲದ ತೇವಕ್ಕೆ ಬಿಳಿಚುತ್ತದೆ. ಅಗಸೆಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಹುಟ್ಟುವ ಶಾಖದಿಂದ, ಮುದ್ದೆ ಮಾಡಿಟ್ಟ ಎಣ್ಣೆಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು! ಅದನ್ನು ಹರಡಿ ಒಣಗಿಸಬೇಕು.

ಇಷ್ಟು ಶ್ರಮ ಏಕೆ? 2017ರಲ್ಲಿ ನಿಧನರಾದ ವಿಜಯನಾಥ ಶೆಣೈ ಅವರು ಬ್ಯಾಂಕ್ ಉದ್ಯೋಗಿಯಾಗಿದ್ದವರು. ಅಳಿಯುತ್ತಿದ್ದ ಮನೆಗಳನ್ನು ಕಳಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಕುಂದಾಪುರ ಕಡೆಯ ಹರ್ಕೂರು ಒಳಗಿನ ಮನೆಯೂ ಅವುಗಳಲ್ಲೊಂದು. ಹೀಗೆ ಉಳಿಯುವ ಭಾಗ್ಯ ಎಲ್ಲ ಮನೆಗಳಿಗೂ ಇಲ್ಲ.

ನಿಮ್ಮ ಮನೆಯಲ್ಲಿ ಬಣ್ಣ ತೆಗೆಯುವ ಮಾತು ಬಂದರೆ, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗವನ್ನು ಹಾಗೆಯೇ ಬಿಡಲು ಹಿರಿಯರಿಗೆ ಹೇಳಿ. ಉಳಿದ ಕಂಬದಲ್ಲಿ ಮರ ಕಾಣಲಿ. ಆ ಮೂಲೆಯಲ್ಲಿ ಚರಿತ್ರೆಯ ಎಲ್ಲ ಪುಟಗಳೂ ಉಳಿಯಲಿ.