ಕಮಾನುಪಟ್ಟಿಯಿಂದ ಸುರುಳಿಗೆ: ಜೀಪು ಎತ್ತರಿಸುವ ವಿದ್ಯೆ

ಆಫ್‌ರೋಡ್ ವಾಹನದ ಎತ್ತರ ಹೆಚ್ಚಿಸಲು ಮೂರು ದಾರಿಗಳಿವೆ. ದೊಡ್ಡ ಟೈರು ಹಾಕಬಹುದು, ಸಸ್ಪೆನ್ಶನ್ ಎತ್ತರಿಸಬಹುದು, ಇಲ್ಲವೇ ಚಾಸಿಯ ಮೇಲಿನ ಬಾಡಿಯನ್ನಷ್ಟೇ ಬಿಲ್ಲೆಗಳ ಮೇಲೆ ಕೂರಿಸಬಹುದು. ಇವು ಒಂದಕ್ಕೊಂದು ಬದಲಿಯಲ್ಲ. ಗಟ್ಟಿ ಆಕ್ಸಲ್ ಇರುವ ಜೀಪಿಗೆ ಎಷ್ಟೇ ಉದ್ದದ ಸ್ಪ್ರಿಂಗ್ ಹಾಕಿದರೂ ಡಿಫರೆನ್ಶಿಯಲ್ ಗಡ್ಡೆ ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳದು. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ. ಸ್ಪ್ರಿಂಗ್ ಎತ್ತರಿಸುವುದು ಚಾಸಿಯನ್ನು. ಅದರಿಂದ ಏರು, ಇಳಿವು, ದಿಬ್ಬಗಳಲ್ಲಿ ಮೂತಿ, ಹಿಂಬದಿ, ಹೊಟ್ಟೆ ತಾಗುವುದು ತಪ್ಪುತ್ತದೆ, ದೊಡ್ಡ ಟೈರಿಗೆ ಜಾಗವಾಗುತ್ತದೆ. ಬಾಡಿ ಲಿಫ್ಟ್‌ನಿಂದ ಸಿಗುವುದು ಟೈರಿನ ಜಾಗವಷ್ಟೇ. ಹೆಚ್ಚಿನ ನಿರಾಸೆಗಳು ಹುಟ್ಟುವುದು ಈ ವ್ಯತ್ಯಾಸ ಗಮನಿಸದೆ ಹಣ ಸುರಿದಾಗ.

ಭಾರತದಲ್ಲಿ ಈ ವಿದ್ಯೆಯ ಬೇರು ಮುಂಬಯಿಯಲ್ಲಿದೆ. 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆ 1947ರಲ್ಲಿ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ಜೋಡಿಸಲು ತೊಡಗಿತು. ಮುಂದೆ ಕಾಂದಿವಲಿಯಲ್ಲಿ ಕಾರ್ಖಾನೆ ಎದ್ದಿತು. ಜೋಗೇಶ್ವರಿಯಿಂದ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗೋರೆಗಾಂವ್, ಮಲಾಡ್ ದಾಟಿದರೆ ಅದೇ ಕಾಂದಿವಲಿ. ಉಪನಗರಗಳ ಈ ಸಾಲಿನಲ್ಲಿ ಜೀಪು ಹೊಸ ಫ್ಯಾಷನ್ ಅಲ್ಲ, ನೆರೆಮನೆಯ ಉತ್ಪನ್ನ.

ಆ ಜೀಪುಗಳ ನಾಲ್ಕೂ ಮೂಲೆಗಳಲ್ಲಿದ್ದದ್ದು ಕಮಾನುಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಅದು ಭಾರ ಹೊರುತ್ತದೆ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ, ಪಟ್ಟಿಗಳ ತಿಕ್ಕಾಟದಿಂದ ಕುಲುಕಾಟವನ್ನೂ ತುಸು ತಡೆಯುತ್ತದೆ. ಒಂದೇ ಭಾಗ ಇಷ್ಟು ಕೆಲಸ ಮಾಡುವಾಗ ಅದರ ಒಂದು ಗುಣ ಬದಲಿಸಿದರೆ ಉಳಿದವೂ ಅಲುಗುತ್ತವೆ. ಎತ್ತರಕ್ಕೆ ಅತಿ ಅಗ್ಗದ ಉಪಾಯ ಇನ್ನೊಂದು ಪಟ್ಟಿ ಸೇರಿಸುವುದು. ಎತ್ತರ ಸಿಗುತ್ತದೆ, ಜೊತೆಗೆ ಗಡಸುತನವೂ ಏರುತ್ತದೆ. ಖಾಲಿ ಗಾಡಿ ಕಲ್ಲಿನ ಮೇಲೆ ನೆಗೆದು ಟೈರು ಹಿಡಿತ ಬಿಡುತ್ತದೆ. ಎರಡನೆಯದು ಉದ್ದನೆಯ ಶ್ಯಾಕಲ್. ಸ್ಪ್ರಿಂಗಿನ ಒಂದು ತುದಿ ಮಾತ್ರ ಏರುವುದರಿಂದ ಶ್ಯಾಕಲ್ ಎರಡು ಇಂಚು ಉದ್ದವಾದರೆ ಆಕ್ಸಲಿನ ಬಳಿ ದಕ್ಕುವುದು ಸುಮಾರು ಒಂದೇ ಇಂಚು. ಆಕ್ಸಲ್ ಬೇರೆ ತಿರುಗಿ ಕ್ಯಾಸ್ಟರ್ ಕೋನ ಕೆಡುತ್ತದೆ, ಸ್ಟೀರಿಂಗ್ ತನ್ನಷ್ಟಕ್ಕೆ ನೇರಕ್ಕೆ ಮರಳಲು ಸೋಮಾರಿಯಾಗುತ್ತದೆ. ಹೆಚ್ಚು ಕಮಾನಿರುವ ಹೊಸ ಪಟ್ಟಿಗಳ ಕಟ್ಟನ್ನೇ ಅಳತೆಗೆ ಮಾಡಿಸುವುದು ದುಬಾರಿ, ಆದರೆ ಸರಿಯಾದ ದಾರಿ ಅದೇ.

ಮಲೆನಾಡಿನ ಬಾಡಿಗೆ ಜೀಪುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕೊಡಚಾದ್ರಿಯ ತುದಿಗೆ, ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಗಾಡಿಗಳಿಗೆ ಬೇಕಾದದ್ದು ತುಂಬು ಭಾರದಲ್ಲೂ ಕುಸಿಯದ ಪಟ್ಟಿ. ಅವು ಎತ್ತರ ತೋರಿಸಿಕೊಳ್ಳುವುದಿಲ್ಲ, ಕೊರಕಲು ದಾರಿಯನ್ನು ಹತ್ತಿಬಿಡುತ್ತವೆ.

1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ಪಟ್ಟಿ ಆಕ್ಸಲಿನ ಕೆಳಗೇ ಇತ್ತು. ಅದನ್ನು ಆಕ್ಸಲಿನ ಮೇಲಕ್ಕೆ ಸ್ಥಳಾಂತರಿಸಿದರೆ ಆಕ್ಸಲ್ ಕೊಳವೆಯ ದಪ್ಪ ಮತ್ತು ಪಟ್ಟಿಕಟ್ಟಿನ ದಪ್ಪ ಎರಡೂ ಸೇರಿ ನಾಲ್ಕೈದು ಇಂಚು ಒಮ್ಮೆಲೇ ಸಿಗುತ್ತದೆ, ಮೂಲ ಪಟ್ಟಿಯ ಮೆದುತನವೂ ಉಳಿಯುತ್ತದೆ. ಸ್ಪರ್ಧೆಗಿಳಿಯುವ ಜಿಪ್ಸಿ, ಜೀಪುಗಳಲ್ಲಿ ಇದು ಜನಪ್ರಿಯವಾದದ್ದು ಅದಕ್ಕೇ. ಬೆಲೆ ಆಮೇಲೆ ಗೊತ್ತಾಗುತ್ತದೆ: ಎಂಜಿನ್ ಬಲಕ್ಕೆ ಪಟ್ಟಿ ಎಸ್ ಆಕಾರಕ್ಕೆ ತಿರುಚುತ್ತದೆ, ಸ್ಟೀರಿಂಗ್ ಕಡ್ಡಿಯ ಕೋನ ಕೆಟ್ಟು ಪ್ರತಿ ಗುಂಡಿಗೂ ಚಕ್ರ ಪಕ್ಕಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳು ನಡುಗುತ್ತವೆ. ವೆಲ್ಡಿಂಗ್ ಚೆನ್ನಾಗಿ ಬಲ್ಲವರಿಗೆ ಮಾತ್ರ ಒಪ್ಪುವ ಕೆಲಸ ಇದು.

ಮಹೀಂದ್ರದ 2010ರ ಥಾರ್‌ನ ಸಿಆರ್‌ಡಿಇ ಮಾದರಿಯಲ್ಲಿ ಮುಂದಿನ ಚಕ್ರಗಳು ಸ್ವತಂತ್ರವಾದವು, ಪಟ್ಟಿಯ ಬದಲು ತಿರುಚುವ ಸರಳು, ಅಂದರೆ ಟಾರ್ಶನ್ ಬಾರ್ ಬಂತು. ಹಿಂದೆ ಪಟ್ಟಿಯೇ ಉಳಿಯಿತು. ಟಾರ್ಶನ್ ಬಾರ್ ಬೋಲ್ಟನ್ನು ಸ್ಪಾನರಿನಿಂದ ತಿರುಗಿಸಿದರೆ ಸಾಕು, ಮೂತಿ ಏಳುತ್ತದೆ. ಖರ್ಚಿಲ್ಲದ ಈ ಸುಖ ಮೋಸದ್ದು. ಸರಳಿನ ಗಡಸುತನ ಬದಲಾಗುವುದಿಲ್ಲ, ಚಕ್ರದ ಒಟ್ಟು ಚಲನೆಯೂ ಹೆಚ್ಚುವುದಿಲ್ಲ. ಕೆಳಕ್ಕೆ ಇಳಿಯಬೇಕಿದ್ದ ಪಾಲನ್ನು ಮೊದಲೇ ಬಳಸಿಕೊಂಡಂತಾಗುತ್ತದೆ ಅಷ್ಟೇ. ಹಳ್ಳದಲ್ಲಿ ಚಕ್ರ ಬೇಗ ಗಾಳಿಯಲ್ಲಿ ತೂಗುತ್ತದೆ, ಅರ್ಧ ಆಕ್ಸಲಿನ ಕೀಲುಗಳು ಕಡಿದಾದ ಕೋನದಲ್ಲಿ ತಿರುಗಿ ಸವೆಯುತ್ತವೆ.

ಸುರುಳಿಯ ಕಾಲ ನಿಜವಾಗಿ ತೆರೆದದ್ದು 2020ರ ಅಕ್ಟೋಬರ್ 2ರಂದು ಬಂದ ಎರಡನೇ ಪೀಳಿಗೆಯ ಥಾರ್‌ನಿಂದ. ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಮಲ್ಟಿಲಿಂಕ್ ಗಟ್ಟಿ ಆಕ್ಸಲ್, ಎಲ್ಲೆಡೆ ಕಾಯಿಲ್ ಸ್ಪ್ರಿಂಗ್, ಕಾರ್ಖಾನೆಯಿಂದಲೇ 226 ಮಿ.ಮೀ. ನೆಲದಂತರ. 2023ರ ಮಾರುತಿ ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಕಾಯಿಲ್. ಅಂತರ 210 ಮಿ.ಮೀ. ಈ ಗಾಡಿಗಳ ಜೊತೆಗೆ ‘ಎರಡು ಇಂಚಿನ ಕಿಟ್’ ಎಂಬ ಸರಕು ಮಾರುಕಟ್ಟೆಯಲ್ಲಿ ಬೆಳೆಯಿತು. ಕಿಟ್‌ನ ಒಳಗಿರುವುದು ಸ್ಪ್ರಿಂಗೋ ಸ್ಪೇಸರೋ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ.

ಕಾಯಿಲ್‌ನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣ. ಸುರುಳಿಯ ವ್ಯಾಸ, ಸುತ್ತುಗಳು ಹಾಗೆಯೇ ಇದ್ದು ತಂತಿ ಮಾತ್ರ ಶೇ. 10 ದಪ್ಪವಾದರೆ ಗಡಸುತನ ಶೇ. 46ರಷ್ಟು ಏರುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಇಂಚಿನ ಸಂಖ್ಯೆಗಿಂತ ಆ ಸ್ಪ್ರಿಂಗ್ ಯಾವ ಭಾರಕ್ಕೆ ತಯಾರಾದದ್ದು ಎಂಬುದು ಮುಖ್ಯ. ಉಕ್ಕಿನ ಬಂಪರ್, ಅದರೊಳಗೆ ನಲವತ್ತು ಕಿಲೋದ ಆಸುಪಾಸಿನ ವಿಂಚ್ ಸದಾ ಹೊತ್ತಿರುವ ಗಾಡಿಗೆ ಮುಂದಿನ ಸ್ಪ್ರಿಂಗ್ ಗಡುಸಾಗಿಯೇ ಇರಬೇಕು. ಅದೇ ಸ್ಪ್ರಿಂಗನ್ನು ಬರಿ ಮೂತಿಯ ಗಾಡಿಗೆ ಹಾಕಿದರೆ ಹೇಳಿದ್ದಕ್ಕಿಂತ ಎತ್ತರ ನಿಂತು ಎಲುಬು ಅಲುಗಿಸುತ್ತದೆ. ಸದಾ ಇರುವ ಭಾರಕ್ಕೆ ತಕ್ಕಂತೆ ಆರಿಸಬೇಕೇ ಹೊರತು, ವರ್ಷಕ್ಕೊಮ್ಮೆ ಕುಟುಂಬ, ಸಾಮಾನು ಹೇರಿಕೊಂಡು ಮುಂಬಯಿಯಿಂದ ಉಡುಪಿಗೆ ಇಳಿಯುವ ಪಯಣಕ್ಕಲ್ಲ.

ಸ್ಪೇಸರ್ ಎಂದರೆ ಅಲ್ಯುಮಿನಿಯಂ ಅಥವಾ ಪಾಲಿಯುರೆಥೇನಿನ ದಪ್ಪ ಬಿಲ್ಲೆ. ಅದನ್ನು ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಸ್ಪ್ರಿಂಗಿನ ತುದಿಗೆ ಇಟ್ಟರೆ ಶಾಕ್ ಅಬ್ಸಾರ್ಬರ್ ಉದ್ದ ಹಾಗೆಯೇ ಉಳಿಯುತ್ತದೆ. ಎತ್ತರ ಏರಿದಷ್ಟೂ ಚಕ್ರ ಕೆಳಗಿಳಿಯುವ ಚಲನೆ ಕಡಿಮೆಯಾಗುತ್ತದೆ, ಪೂರ್ತಿ ಅದುಮಿದಾಗ ಸುರುಳಿಯ ಸುತ್ತುಗಳು ಒಂದಕ್ಕೊಂದು ಬಡಿಯುವ ಭಯವೂ ಇದೆ. ಥಾರ್‌ನ ಮುಂಭಾಗದಂತೆ ಸ್ಪ್ರಿಂಗೂ ಶಾಕೂ ಒಂದಾಗಿರುವ ಕಡೆ ಇಡೀ ಜೋಡಣೆಯ ನೆತ್ತಿಯಲ್ಲಿ ಇಟ್ಟರೆ ಚಕ್ರ ವಿನ್ಯಾಸಕಾರ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿಯುತ್ತದೆ, ಬಾಲ್ ಜಾಯಿಂಟ್ ಮತ್ತು ಆಕ್ಸಲ್ ಕೀಲುಗಳು ಪೆಟ್ಟು ತಿನ್ನುತ್ತವೆ. ಅಲ್ಲಿ ಸನ್ನೆಯ ಲೆಕ್ಕವೂ ಉಂಟು. ಶಾಕ್ ಕೂತಿರುವುದು ತೋಳಿನ ನಡುಭಾಗದಲ್ಲಾದ್ದರಿಂದ ಚಕ್ರದ ಚಲನೆಗೆ ಶಾಕ್ ಚಲನೆಯ ಅನುಪಾತ 0.6 ಇದ್ದರೆ 25 ಮಿ.ಮೀ. ಬಿಲ್ಲೆ ಚಕ್ರದ ಬಳಿ ಸುಮಾರು 42 ಮಿ.ಮೀ. ಆಗುತ್ತದೆ. ಹಿಂದಿನ ಗಟ್ಟಿ ಆಕ್ಸಲಿನಲ್ಲಿ ಬಿಲ್ಲೆಯಷ್ಟೇ ಎತ್ತರ. ಮುಂದೆ ಹಿಂದೆ ಒಂದೇ ದಪ್ಪದ ಬಿಲ್ಲೆ ಹಾಕಿಸಿಕೊಂಡು ಮೂತಿ ಮೇಲಾದದ್ದಕ್ಕೆ ಅಚ್ಚರಿಪಡುವವರಿಗೆ ಕಾರಣ ಇದು.

ಹಾಗೆಂದು ಸ್ಪೇಸರ್ ನಿಷ್ಪ್ರಯೋಜಕವಲ್ಲ. ಕಾರ್ಖಾನೆಯ ಮೆದು ಓಟ ಉಳಿಸಿಕೊಂಡು ಒಂದೂವರೆ ಇಂಚಿನ ಒಳಗೆ ಏರಿಸಲು, ವಿಂಚ್ ಹಾಕಿದ ಬಳಿಕ ತಗ್ಗಿದ ಮೂತಿಯನ್ನು ಸಮ ಮಾಡಲು ಅದು ಸಾಕು. ಅದಕ್ಕಿಂತ ಮೇಲೆ ಹೋಗುವವರು ಸ್ಪ್ರಿಂಗನ್ನೂ ಅದಕ್ಕೆ ಹೊಂದುವ ಉದ್ದನೆಯ ಶಾಕನ್ನೂ ಒಟ್ಟಿಗೆ ಕೊಳ್ಳಬೇಕು. ಗಡಸು ಸ್ಪ್ರಿಂಗಿಗೆ ಹಳೆಯ ಶಾಕ್ ಹಾಕಿದರೆ ಗಾಡಿ ಒಂದು ಗುಂಡಿಗೆ ಎರಡು ಸಲ ಕುಣಿಯುತ್ತದೆ. ಜಿಮ್ನಿಯಂಥದ್ದರಲ್ಲಿ ಏರಿಸಿದೊಡನೆ ಆಕ್ಸಲನ್ನು ಚಾಸಿಗೆ ಅಡ್ಡವಾಗಿ ಹಿಡಿದಿರುವ ಪ್ಯಾನಾರ್ಡ್ ಸರಳು ಅದನ್ನು ಪಕ್ಕಕ್ಕೆ ಎಳೆಯುತ್ತದೆ; ಆ ಎಳೆತವನ್ನು ಉದ್ದ ಹೊಂದಿಸಬಹುದಾದ ಸರಳಿನಿಂದ, ಕ್ಯಾಸ್ಟರನ್ನು ವಿಶೇಷ ಬುಷ್‌ಗಳಿಂದ ಸರಿಪಡಿಸಬೇಕು. ಬ್ರೇಕ್ ನಳಿಕೆ ಬಿಗಿಯಾಗಿದೆಯೇ ನೋಡಿ, ಹೆಡ್‌ಲೈಟ್ ತಗ್ಗಿಸಿ, ಅಲೈನ್‌ಮೆಂಟ್ ಮಾಡಿಸಿದರೇ ಕೆಲಸ ಮುಗಿದಂತೆ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಕಂಡ ನಗರದಲ್ಲಿ ನೆರೆಯ ನೆಪ ಹೇಳಿ ಎತ್ತರಿಸುವುದು ಸಹಜ. ಆದರೆ ಎರಡು ಇಂಚಿನ ಏರಿಕೆ ಎಂಜಿನ್ನಿನ ಗಾಳಿಬಾಯಿಯನ್ನು ಎರಡೇ ಇಂಚು ಎತ್ತುತ್ತದೆ. ಗಟ್ಟಿ ಆಕ್ಸಲಿನ ಉಸಿರುನಳಿಕೆ ಇದ್ದಲ್ಲೇ ಇರುತ್ತದೆ. ಇನ್ನೊಂದೆಡೆ ಭಾರಕೇಂದ್ರ ಏರಿ, ಹೆದ್ದಾರಿಯಲ್ಲಿ ಥಟ್ಟನೆ ಪಥ ಬದಲಿಸುವಾಗ ಮಗುಚುವ ಅಪಾಯ ಹೆಚ್ಚುತ್ತದೆ.

ಕಾನೂನೂ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಬೀಳಬಹುದು. ವಿಮೆ ಮತ್ತು ವಾರಂಟಿಯ ತಗಾದೆ ಬೇರೆ. ಈಚಿನ ಗಾಡಿಗಳಲ್ಲಿ ಮೆಕ್ಯಾನಿಕ್ಕನ ಕೈಗೆ ನಿಲುಕದ ತೊಡಕೊಂದು ಸೇರಿದೆ: 2024ರ ಥಾರ್ ರಾಕ್ಸ್‌ನ ಮೇಲಿನ ಶ್ರೇಣಿಗಳಲ್ಲಿ ಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಯನ್ನು ಓದಿ ಬ್ರೇಕಿಗೆ ಸೂಚನೆ ಕೊಡುತ್ತದೆ. ಅಂಥ ಗಾಡಿಯ ಎತ್ತರ ಅಥವಾ ಮೂತಿಯ ಓರೆ ಬದಲಾದರೆ ಸ್ಪಾನರು ಕೆಳಗಿಟ್ಟ ಮೇಲೆ ಆ ಕ್ಯಾಮೆರಾವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ.