ದತ್ತಿ ನಿಧಿ ಮತ್ತು ಕಲ್ಲಿದ್ದಲು: ವಿದ್ಯಾರ್ಥಿಗಳ ಹೂಡಿಕೆ ಹಿಂತೆಗೆತ ಚಳವಳಿಯ ಒಂದು ದಶಕ

ಪಳೆಯುಳಿಕೆ ಇಂಧನದ ಕಂಪನಿಗಳಲ್ಲಿ ತೊಡಗಿಸಿದ ಹಣವನ್ನು ವಿಶ್ವವಿದ್ಯಾಲಯಗಳು ಹಿಂದಕ್ಕೆ ಪಡೆಯಬೇಕೆಂಬ ವಿದ್ಯಾರ್ಥಿ ಚಳವಳಿಯ ಚರಿತ್ರೆಯನ್ನು 2012ರ ಜುಲೈನಿಂದ ಆರಂಭಿಸುವುದು ವಾಡಿಕೆ. ಆ ತಿಂಗಳು ಪರಿಸರ ಲೇಖಕ ಬಿಲ್ ಮೆಕ್‌ಕಿಬ್ಬೆನ್ ಅವರು ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬರೆದ ಲೇಖನ ಅಮೆರಿಕದ ಕಾಲೇಜುಗಳಲ್ಲಿ ಮನೆಮಾತಾಯಿತು. ಆದರೆ ಚಳವಳಿ ಅದಕ್ಕಿಂತ ಮೊದಲೇ ಹುಟ್ಟಿತ್ತು, ಅದೂ ಬೇರೊಂದು ನೋವಿನಿಂದ ಹುಟ್ಟಿತ್ತು. ವಿದ್ಯಾರ್ಥಿಗಳು ನೈತಿಕ ಪ್ರಶ್ನೆಯಾಗಿ ಎತ್ತಿದ್ದನ್ನು ವಿಶ್ವವಿದ್ಯಾಲಯಗಳು ಹಣಕಾಸಿನ ಪ್ರಶ್ನೆಯಾಗಿ ಮಾರ್ಪಡಿಸಿಕೊಂಡ ಮೇಲಷ್ಟೇ ಒಪ್ಪಿಕೊಂಡವು ಎಂಬುದು ಈ ಲೇಖನದ ವಾದ. ಆ ಮಾರ್ಪಾಟಿನಲ್ಲಿ ಉಳಿದದ್ದೇನು, ಕಳೆದುಹೋದದ್ದೇನು ಎಂಬುದನ್ನು ಕೆಲವು ಪ್ರಕರಣಗಳ ಮೂಲಕ ಇಲ್ಲಿ ನೋಡಲಾಗಿದೆ.

ಮೊದಲ ಪ್ರಕರಣ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನದು. ಕ್ವೇಕರ್ ಪಂಥದವರು 1864ರಲ್ಲಿ ಸ್ಥಾಪಿಸಿದ ಪುಟ್ಟ ಸಂಸ್ಥೆ ಇದು. ಇಲ್ಲಿನ ಕೆಲವು ವಿದ್ಯಾರ್ಥಿಗಳು 2010ರಲ್ಲಿ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಗೆ ಹೋಗಿ ಬಂದರು. ಅಲ್ಲಿ ಗಣಿ ತೋಡುವ ಕ್ರಮವೇ ಬೇರೆ: ಸಿಡಿಮದ್ದಿಟ್ಟು ಬೆಟ್ಟದ ನೆತ್ತಿಯನ್ನೇ ಹಾರಿಸಿ, ಕೆಳಗಿನ ಕಲ್ಲಿದ್ದಲನ್ನು ಬಾಚಿಕೊಂಡು, ಉಳಿದ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿಯುತ್ತಾರೆ. ಕಣಿವೆಯ ತೊರೆಗಳು ಅದರಡಿ ಹೂತುಹೋಗುತ್ತವೆ, ಊರಿನವರು ಕುಡಿಯುವ ನೀರು ಕೆಡುತ್ತದೆ. ಹಿಂದಿರುಗಿದ ವಿದ್ಯಾರ್ಥಿಗಳು ಕಟ್ಟಿದ ‘ಮೌಂಟನ್ ಜಸ್ಟಿಸ್’ ಎಂಬ ಗುಂಪು 16 ಕಂಪನಿಗಳ ಪಟ್ಟಿಯೊಂದನ್ನು ಮಾಡಿ, ಅವುಗಳಲ್ಲಿ ಕಾಲೇಜಿನ ಹಣ ಇರಕೂಡದೆಂದು ಕೇಳಿತು. ವಾತಾವರಣದ ತಾಪಕ್ಕಿಂತ ಮೊದಲು ಅವರ ಕಣ್ಣೆದುರಿಗಿದ್ದದ್ದು ಅಪಲೇಚಿಯನ್ ಬೆಟ್ಟಗಳ ಬಡವರು.

ದತ್ತಿ ನಿಧಿ ಎಂದರೆ ನಮಗೆ ನೆನಪಾಗುವುದು ಚಿನ್ನದ ಪದಕ, ದತ್ತಿ ಉಪನ್ಯಾಸ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳ ಮಾತು ಬೇರೆ. ಹಾರ್ವರ್ಡ್‌ನ ವಾರ್ಷಿಕ ಖರ್ಚಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅದರ ದತ್ತಿಯಿಂದ ಬರುತ್ತದೆ. ದಾನಿಗಳು ತಲೆಮಾರುಗಳಿಂದ ಕೊಟ್ಟ ಹಣ ಷೇರು, ಸಾಲಪತ್ರ, ಖಾಸಗಿ ನಿಧಿಗಳಲ್ಲಿ ಬೆಳೆಯುತ್ತಿರುತ್ತದೆ. ಅದು ಎಲ್ಲೆಲ್ಲಿ ಬೆಳೆಯುತ್ತಿದೆ ಎಂಬುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬಹುಪಾಲು ಗೊತ್ತಿರುವುದಿಲ್ಲ. ಆ ಹಣದ ಲೆಕ್ಕ ಕೇಳುವುದೇ ಚಳವಳಿಯ ಮೊದಲ ಹೆಜ್ಜೆಯಾಯಿತು.

ಈ ಹೋರಾಟಕ್ಕೊಂದು ಪೂರ್ವೇತಿಹಾಸವಿದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ನಡೆಸುತ್ತಿದ್ದ ಕಂಪನಿಗಳಿಂದ ಹ್ಯಾಂಪ್‌ಶೈರ್ ಕಾಲೇಜು 1977ರಲ್ಲೇ ಹಣ ತೆಗೆದಿತ್ತು. 1985ರಲ್ಲಿ ಕೊಲಂಬಿಯಾದ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್‌ನ ಬಾಗಿಲಿಗೆ ಅಡ್ಡ ಕೂತರು. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸುಮಾರು 300 ಕೋಟಿ ಡಾಲರ್ ಹೂಡಿಕೆಯನ್ನು ಹಿಂತೆಗೆಯಲು ನಿರ್ಧರಿಸಿತು. ಸ್ವಾರ್ಥ್‌ಮೋರ್ ಕೂಡ ಆಗ ಹಣ ತೆಗೆಯಿತು. ಆದರೆ ಆ ಕೆಲಸ ಮುಗಿದ ಮೇಲೆ, 1991ರಲ್ಲಿ, ಅದರ ಆಡಳಿತ ಮಂಡಳಿ ಒಂದು ನಿಯಮ ಮಾಡಿಕೊಂಡಿತು: ದತ್ತಿಯನ್ನು ದೀರ್ಘಕಾಲದ ಆದಾಯಕ್ಕಾಗಿ ಮಾತ್ರ ನಿರ್ವಹಿಸತಕ್ಕದ್ದು, ಬೇರೆ ಸಾಮಾಜಿಕ ಉದ್ದೇಶಗಳಿಗಲ್ಲ. ವಿದ್ಯಾರ್ಥಿಗಳ ಹಿಂದಿನ ಗೆಲುವೇ ಮುಂದಿನ ಪೀಳಿಗೆಗೆ ಅಡ್ಡಗೋಡೆಯಾಯಿತು. ಚಳವಳಿಯ ಚರಿತ್ರೆಗಳು ಈ ನಿಯಮಕ್ಕೆ ಇನ್ನಷ್ಟು ಗಮನ ಕೊಡಬೇಕಿತ್ತೆಂದು ನನಗನ್ನಿಸುತ್ತದೆ.

ಮೆಕ್‌ಕಿಬ್ಬೆನ್ ತಮ್ಮ 2012ರ ಲೇಖನದಲ್ಲಿ ಕೊಟ್ಟದ್ದು ಲೆಕ್ಕ. ತಾಪಮಾನದ ಏರಿಕೆ 2 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದರೆ ಜಗತ್ತು ಇನ್ನು 565 ಗಿಗಾಟನ್ ಇಂಗಾಲದ ಡೈ ಆಕ್ಸೈಡನ್ನಷ್ಟೇ ಹೊರಬಿಡಬಹುದು. ಆದರೆ ಕಂಪನಿಗಳೂ ದೇಶಗಳೂ ತಮ್ಮ ಆಸ್ತಿಯೆಂದು ಈಗಾಗಲೇ ತೋರಿಸಿಕೊಂಡಿರುವ ಇಂಧನ ನಿಕ್ಷೇಪದಲ್ಲಿ 2,795 ಗಿಗಾಟನ್ ಅಡಗಿದೆ. ಲಂಡನ್ನಿನ ‘ಕಾರ್ಬನ್ ಟ್ರ್ಯಾಕರ್’ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಂಕಿಗಳಿವು. ಐದರಲ್ಲಿ ನಾಲ್ಕು ಪಾಲನ್ನು ನೆಲದಲ್ಲೇ ಬಿಡಬೇಕಾದರೆ ಈ ಕಂಪನಿಗಳ ಷೇರಿನ ಬೆಲೆ ಬರಿಯ ಗುಳ್ಳೆ. 2012ರ ನವೆಂಬರಿನಲ್ಲಿ ಮೆಕ್‌ಕಿಬ್ಬೆನ್ ಅವರ ‘350.ಆರ್ಗ್’ ಸಂಘಟನೆ ಊರೂರು ಸುತ್ತಿ ಈ ಲೆಕ್ಕವನ್ನು ಒಪ್ಪಿಸಿತು. ಮೇನ್ ರಾಜ್ಯದ ಯೂನಿಟಿ ಕಾಲೇಜು ಆ ತಿಂಗಳೇ ಹಣ ತೆಗೆಯಲು ತೀರ್ಮಾನಿಸಿತು. ಹಾಗೆ ಮಾಡಿದವರಲ್ಲಿ ಅದೇ ಮೊದಲು. ಯಾವ ಕಾಲೇಜಿನವರೂ ಎತ್ತಿಕೊಳ್ಳಬಹುದಾದ ಲೆಕ್ಕವಾದ್ದರಿಂದ ಚಳವಳಿ ಕಾಳ್ಗಿಚ್ಚಿನಂತೆ ಹಬ್ಬಿತು. ಹಬ್ಬುವಾಗ ವೆಸ್ಟ್ ವರ್ಜೀನಿಯಾದ ಕಣಿವೆಗಳು ಹಿಂದೆ ಸರಿದವು. ಈ ನಷ್ಟ ಚಿಕ್ಕದಲ್ಲ.

ಆಡಳಿತಗಳ ನಿರಾಕರಣೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. 2013ರ ಅಕ್ಟೋಬರಿನಲ್ಲಿ ಹಾರ್ವರ್ಡ್‌ನ ಅಧ್ಯಕ್ಷೆ ಡ್ರೂ ಫೌಸ್ಟ್, ದತ್ತಿ ಇರುವುದು ವಿದ್ಯೆಗಾಗಿ, ರಾಜಕೀಯ ಬದಲಾವಣೆಯ ಸಾಧನವಾಗಿ ಅಲ್ಲ ಎಂದು ಪತ್ರ ಬರೆದರು. ಈ ಕಂಪನಿಗಳ ಎಣ್ಣೆ, ವಿದ್ಯುತ್ತನ್ನು ದಿನವೂ ಬಳಸುತ್ತ ಷೇರನ್ನು ಮಾತ್ರ ಮುಟ್ಟೆವು ಎನ್ನುವುದು ಅಸಂಗತ ಎಂಬ ಮಾತೂ ಆ ಪತ್ರದಲ್ಲಿತ್ತು. ಫೌಸ್ಟ್ ಸ್ವತಃ ಇತಿಹಾಸಕಾರ್ತಿ. ದಕ್ಷಿಣ ಆಫ್ರಿಕಾದ ಪ್ರಕರಣ ಅವರಿಗೆ ತಿಳಿಯದ್ದಲ್ಲ. ಸ್ವಾರ್ಥ್‌ಮೋರ್‌ನ ಮಂಡಳಿ ಹತ್ತು ವರ್ಷಕ್ಕೆ ಸುಮಾರು 20 ಕೋಟಿ ಡಾಲರ್ ನಷ್ಟವಾದೀತೆಂದು ಅಂದಾಜು ಮುಂದಿಟ್ಟಿತು. 2015ರ ವಸಂತದಲ್ಲಿ ಅಲ್ಲಿನ ವಿದ್ಯಾರ್ಥಿಗಳು 32 ದಿನ ಧರಣಿ ಕೂತರೂ ಮಂಡಳಿ ಜಗ್ಗಲಿಲ್ಲ. 

ಒಂದು ವಿಶ್ವವಿದ್ಯಾಲಯ ಷೇರು ಮಾರಿದರೆ ಇನ್ನೊಬ್ಬ ಕೊಳ್ಳುತ್ತಾನೆ, ಕಂಪನಿಗೆ ಏನೂ ಆಗುವುದಿಲ್ಲ ಎಂಬುದು ಆಡಳಿತಗಳ ಆಕ್ಷೇಪಣೆಗಳಲ್ಲಿ ಗಟ್ಟಿಯಾದದ್ದು. ಆಕ್ಸ್‌ಫರ್ಡ್‌ನ ಸ್ಮಿತ್ ಸ್ಕೂಲ್‌ನ ಸಂಶೋಧಕರು 2013ರಲ್ಲಿ ಇದನ್ನೇ ಪರಿಶೀಲಿಸಿ, ನೇರ ಪರಿಣಾಮ ಅಲ್ಪವೇ ಎಂದು ಒಪ್ಪಿದರು. ಅಮೆರಿಕದ ದತ್ತಿಗಳಲ್ಲಿ ಇಂಥ ಷೇರುಗಳ ಪಾಲು ಸರಾಸರಿ ಶೇ. 2–3ರಷ್ಟಿತ್ತು. ಆದರೆ ಹಿಂತೆಗೆತದಿಂದ ಅಂಟುವ ಕಳಂಕ ಕಾನೂನುಗಳನ್ನೂ ಸಾಲ ಕೊಡುವವರನ್ನೂ ಪ್ರಭಾವಿಸಬಲ್ಲದು ಎಂಬುದು ಅವರ ನಿರ್ಣಯ. ಮುಂದೆ ಶೆಲ್, ಪೀಬಾಡಿಯಂಥ ಕಂಪನಿಗಳು ತಮ್ಮ ವಾರ್ಷಿಕ ವರದಿಗಳಲ್ಲಿ ಈ ಚಳವಳಿಯನ್ನು ವ್ಯಾಪಾರದ ಅಪಾಯಗಳ ಸಾಲಿಗೆ ಸೇರಿಸಿದವು.

ನಡುವೆ ಸಣ್ಣಪುಟ್ಟ ಗೆಲುವುಗಳಾದವು. 2014ರ ಮೇನಲ್ಲಿ ಸ್ಟ್ಯಾನ್‌ಫರ್ಡ್ ಕಲ್ಲಿದ್ದಲನ್ನಷ್ಟೇ ಬಿಟ್ಟಿತು; ಅಕ್ಟೋಬರಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಹಿಂತೆಗೆತದಲ್ಲಿ ಯುರೋಪಿನಲ್ಲಿ ಮೊದಲನೆಯದಾಯಿತು.

ಹಾರ್ವರ್ಡ್‌ನ ಕತೆ ದೀರ್ಘವಾದದ್ದು. 2012ರಲ್ಲೇ ಮತ ಹಾಕಿದ ಪದವಿ ವಿದ್ಯಾರ್ಥಿಗಳಲ್ಲಿ ಶೇ. 72 ಮಂದಿ ಹಿಂತೆಗೆತ ಬೇಕೆಂದಿದ್ದರು. 2014ರಲ್ಲಿ ಏಳು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ದಾವೆ ಹೂಡುವ ಹಕ್ಕೇ ಅವರಿಗಿಲ್ಲವೆಂದು ಮರುವರ್ಷ ಪ್ರಕರಣ ವಜಾ ಆಯಿತು. 2019ರ ನವೆಂಬರ್ 23ರಂದು ಹಾರ್ವರ್ಡ್–ಯೇಲ್ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಎರಡೂ ಕಡೆಯ ವಿದ್ಯಾರ್ಥಿಗಳು ಮೈದಾನಕ್ಕಿಳಿದು ಕೂತರು. ದೀಪಗಳಿಲ್ಲದ ಆ ಹಳೆಯ ಕ್ರೀಡಾಂಗಣದಲ್ಲಿ ಪಂದ್ಯ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. 42 ಮಂದಿಯ ಮೇಲೆ ಕೇಸು ಬಿತ್ತು. ದೇಶವೆಲ್ಲ ನೋಡಿದ ಈ ಧರಣಿಗಿಂತ ಅದರ ಹಿಂದುಮುಂದಿನ ಸದ್ದಿಲ್ಲದ ಕೆಲಸ ಹೆಚ್ಚು ತೂಕದ್ದು: 2020ರ ಫೆಬ್ರವರಿಯಲ್ಲಿ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು 179–20 ಮತಗಳಿಂದ ಹಿಂತೆಗೆತವನ್ನು ಬೆಂಬಲಿಸಿದರು, ಅದೇ ವರ್ಷ ಹಳೆಯ ವಿದ್ಯಾರ್ಥಿಗಳು ‘ಹಾರ್ವರ್ಡ್ ಫಾರ್ವರ್ಡ್’ ತಂಡದ ಮೂವರನ್ನು ಮೇಲ್ವಿಚಾರಕರ ಮಂಡಳಿಗೆ ಆರಿಸಿದರು. 2021ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ರಾಜ್ಯದ ಅಟಾರ್ನಿ ಜನರಲ್‌ಗೆ ದೂರು ಕೊಟ್ಟರು. ಧರ್ಮಾರ್ಥ ಸಂಸ್ಥೆಗಳು ಹಣವನ್ನು ವಿವೇಕದಿಂದ ಹೂಡಬೇಕೆಂಬ ಕಾನೂನನ್ನು ಹಾರ್ವರ್ಡ್ ಮುರಿಯುತ್ತಿದೆ ಎಂಬುದು ಅದರ ಸಾರ. ಇಷ್ಟು ಹೊತ್ತಿಗೆ ವಿದ್ಯಾರ್ಥಿಗಳೇ ಲೆಕ್ಕಪರಿಶೋಧಕರ ಧಾಟಿಗೆ ಇಳಿದಿದ್ದರು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲ್ಯಾರಿ ಬೇಕೊ, ಹೊಸ ನಿಕ್ಷೇಪ ಹುಡುಕುವ ಕಂಪನಿಗಳಲ್ಲಿ ತಮ್ಮ ನೇರ ಹೂಡಿಕೆ ಇಲ್ಲ, ಮುಂದೆಯೂ ಇರದು ಎಂದು ಪ್ರಕಟಿಸಿದರು. ಖಾಸಗಿ ನಿಧಿಗಳ ಮೂಲಕ ಇದ್ದ ಶೇ. 2ಕ್ಕೂ ಕಡಿಮೆ ಪಾಲು ಅವಧಿ ಮುಗಿದಂತೆ ತಾನಾಗಿ ಕರಗುತ್ತದೆ ಎಂದರು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೂ ನೇರವಾಗಿ ಮಾತಾಡಿತು. ಅದರ ಮುಖ್ಯ ಹೂಡಿಕೆ ಅಧಿಕಾರಿ ಜಗದೀಪ್ ಸಿಂಗ್ ಬಚ್ಚೇರ್ 2019ರ ಸೆಪ್ಟೆಂಬರಿನಲ್ಲಿ, 1,340 ಕೋಟಿ ಡಾಲರಿನ ದತ್ತಿಯನ್ನೂ 7,000 ಕೋಟಿ ಡಾಲರಿನ ಪಿಂಚಣಿ ನಿಧಿಯನ್ನೂ ಈ ಇಂಧನಗಳಿಂದ ಬಿಡಿಸುತ್ತಿರುವುದು ಅವು ಹಣಕಾಸಿನ ಅಪಾಯವಾಗಿರುವುದರಿಂದ ಎಂದು ಸ್ಪಷ್ಟಪಡಿಸಿದರು. ವಿದ್ಯಾರ್ಥಿಗಳು ವರ್ಷಗಟ್ಟಲೆ ಕೇಳಿದ್ದು ಸಿಕ್ಕಿತು, ಕೇಳಿದ ಕಾರಣಕ್ಕೆ ಮಾತ್ರ ಸಿಗಲಿಲ್ಲ.

ಭಾರತದಲ್ಲಿ ಈ ಚಳವಳಿ ಏಕೆ ಬೇರು ಬಿಡಲಿಲ್ಲ ಎಂಬುದಕ್ಕೆ ವಿದ್ಯಾರ್ಥಿಗಳ ಉದಾಸೀನವನ್ನು ದೂರಬೇಕಿಲ್ಲ. ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಿಂತೆಗೆಯುವಂಥ ದೊಡ್ಡ ಹೂಡಿಕೆಯಿಲ್ಲ. ಅವು ನಡೆಯುವುದು ಅನುದಾನ ಮತ್ತು ಶುಲ್ಕದಿಂದ. ಅನುದಾನ ಕೊಡುವ ಸರ್ಕಾರವೇ ಕೋಲ್ ಇಂಡಿಯಾದ ಒಡೆಯ. ಹಿಡಿದೆಳೆಯಲು ಹಗ್ಗವೇ ಇಲ್ಲಿಲ್ಲ.

2021ರ ಗ್ಲಾಸ್ಗೋ ಹವಾಮಾನ ಸಮಾವೇಶದ ಹೊತ್ತಿಗೆ ಸುಮಾರು 1,500 ಸಂಸ್ಥೆಗಳು ಹಿಂತೆಗೆತಕ್ಕೆ ಒಪ್ಪಿವೆ, ಅವುಗಳ ಹಣ 39 ಲಕ್ಷ ಕೋಟಿ ಡಾಲರ್ ಎಂದು ಚಳವಳಿಗಾರರು ಸಾರಿದರು. ಇದು ಆ ಸಂಸ್ಥೆಗಳ ಒಟ್ಟು ಆಸ್ತಿಯೇ ಹೊರತು ಇಂಧನ ಕಂಪನಿಗಳಿಂದ ಹೊರಬಂದ ಮೊತ್ತವಲ್ಲ. ಸಂಶೋಧಕರು ಈ ಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು.

ಷೇರಿನ ಪ್ರಶ್ನೆ ಇತ್ಯರ್ಥವಾದಲ್ಲೆಲ್ಲ ವಿದ್ಯಾರ್ಥಿಗಳ ಗಮನ ಸಂಶೋಧನೆಗೆ ಬರುವ ಹಣದತ್ತ ತಿರುಗಿದೆ. ಪ್ರಿನ್ಸ್‌ಟನ್ 2022ರ ಸೆಪ್ಟೆಂಬರಿನಲ್ಲಿ ಎಕ್ಸಾನ್‌ಮೊಬಿಲ್ ಸೇರಿದಂತೆ 90 ಕಂಪನಿಗಳೊಡನೆ ಹೂಡಿಕೆಯನ್ನಷ್ಟೇ ಅಲ್ಲ, ಸಂಶೋಧನಾ ಧನದ ನಂಟನ್ನೂ ಕಡಿದುಕೊಳ್ಳುವುದಾಗಿ ಘೋಷಿಸಿತು. 2000ದಿಂದ ಅಲ್ಲಿನ ಇಂಗಾಲ ಸಂಶೋಧನೆಗೆ ಹಣ ಕೊಡುತ್ತ ಬಂದ ಬಿಪಿ ಕಂಪನಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.