ಕಟ್ಟಡಕ್ಕೆ ನ್ಯಾಯಮೂರ್ತಿಗಳ ಹೆಸರು: ಹೆಸರಿನ ಜೊತೆ ವಿವರವೂ ಇರಲಿ

ಗೌರವಾನ್ವಿತ ನ್ಯಾಯಮೂರ್ತಿಗಳ ಹೆಸರನ್ನು ಸಾರ್ವಜನಿಕ ಕಟ್ಟಡಕ್ಕೆ ಇಡುವುದು ಒಳ್ಳೆಯ ಸಂಪ್ರದಾಯ. ಮಂಗಳೂರು ಸಮೀಪದ ದೇರಳಕಟ್ಟೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರ ಹೆಸರಿನ ಆಸ್ಪತ್ರೆಯಿದೆ. 1973ರಲ್ಲಿ ಸರ್ಕಾರ ಹಿರಿತನವನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟ ಮೂವರಲ್ಲಿ ಅವರೊಬ್ಬರು. ಆಸ್ಪತ್ರೆಗೆ ಹೋಗಿಬರುವ ಎಷ್ಟು ಜನರಿಗೆ ಇದು ಗೊತ್ತು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲೂ ನೆನೆಯಬೇಕಾದವರಿದ್ದಾರೆ. ತೀರ್ಥಹಳ್ಳಿ ತಾಲ್ಲೂಕು ಆರಗದ ಎಂ. ರಾಮಾ ಜೋಯಿಸ್ (1931–2021) ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡ ವಕೀಲರು. ಮುಂದೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದರು. ಜಾರ್ಖಂಡ್ ಮತ್ತು ಬಿಹಾರದ ರಾಜ್ಯಪಾಲರಾಗಿದ್ದರು. ಭಾರತದ ಕಾನೂನಿನ ಇತಿಹಾಸದ ಬಗ್ಗೆ ದೊಡ್ಡ ಗ್ರಂಥ ಬರೆದರು.

ಹೆಸರಿಡುವ ಕ್ರಮಕ್ಕೆ ಮಾದರಿ ನಮ್ಮಲ್ಲೇ ಇದೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಗೆ ಉರ್ವೀತಿಲಕ ಎಂದು ಹೆಸರು. ಕಟ್ಟಿಸಿದವರು ಯಾರು, ಯಾರ ನೆನಪಿಗೆ ಎಂಬುದನ್ನು ಶಾಸನ ಇಂದಿಗೂ ಹೇಳುತ್ತದೆ.

ಛತ್ರದ ಫ್ಯಾನಿನ ರೆಕ್ಕೆಗೂ ದಾನಿಯ ಹೆಸರು ಬರೆಸುವವರು ನಾವು. ನ್ಯಾಯಮೂರ್ತಿಗಳ ವಿಷಯದಲ್ಲಿ ಅಷ್ಟು ಸಾಲದು. ನ್ಯಾಯಾಲಯದ ಸಭಾಂಗಣವಿರಲಿ, ಗ್ರಂಥಾಲಯವಿರಲಿ, ಹೆಸರಿನ ಕೆಳಗೆ ಅವರ ಊರು, ಕಾಲ, ಮಾಡಿದ ಒಂದು ಮುಖ್ಯ ಕೆಲಸ ತಿಳಿಗನ್ನಡದಲ್ಲಿರಲಿ. ಇನ್ನೂ ಪೀಠದಲ್ಲಿ ಕುಳಿತಿರುವವರ ಹೆಸರು ಬೇಡ. ಜಮೀನಿನ ವ್ಯಾಜ್ಯ ಹೊತ್ತು ಬರುವ ಕಕ್ಷಿದಾರನಿಗೆ ಬಾಗಿಲಲ್ಲೇ ಅನುಮಾನ ಹುಟ್ಟಬಾರದು.